ದುಡಿಯುವವರು ತೀರಿಹೋದ ಮನೆಗೆ ಯಾವ ಯಾವ ಸರ್ಕಾರಿ ನೆರವು ಸಿಗುತ್ತದೆ? ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಮ್ಮ ಭಾವ ರಾಣೆಬೆನ್ನೂರಿನಲ್ಲಿ ಗಾರೆ ಕೆಲಸ ಮಾಡುತ್ತಿದ್ದರು. ನಾಲ್ಕು ತಿಂಗಳ ಹಿಂದೆ ಹೃದಯಾಘಾತದಿಂದ ತೀರಿಕೊಂಡರು, 44 ವರ್ಷವಾಗಿತ್ತು. ಅಕ್ಕ ಬಾಡಿಗೆ ಮನೆಯಲ್ಲಿ ಹೊಲಿಗೆ ಹಾಕಿಕೊಂಡಿದ್ದಾಳೆ. ಮಗ ಪ್ರಥಮ ಪಿಯುಸಿ, ಮಗಳು 9ನೇ ತರಗತಿ, ಜೊತೆಗೆ 67 ವರ್ಷದ ಅತ್ತೆ ಇದ್ದಾರೆ. ಬಿಪಿಎಲ್ ಕಾರ್ಡ್ ಇದೆ. ಗೃಹಲಕ್ಷ್ಮಿ ಹಣ ಅತ್ತೆಯ ಖಾತೆಗೆ ಬರುತ್ತದೆ. ಇದಲ್ಲದೆ ಇನ್ನೇನು ಸಿಗಬಹುದು? ಒಬ್ಬರು 5,000 ರೂಪಾಯಿ ಕೊಟ್ಟರೆ ಎಲ್ಲವನ್ನೂ ಮಾಡಿಸಿಕೊಡುತ್ತೇನೆ ಅನ್ನುತ್ತಿದ್ದಾರೆ. ಕೊಡಬಹುದೇ?

ಉತ್ತರ: ಕೊಡಬೇಡಿ. ನಿಮ್ಮ ಅಕ್ಕನ ಮನೆಗೆ ಸಲ್ಲುವ ನೆರವು ಒಂದೆರಡಲ್ಲ. ಅವುಗಳಲ್ಲಿ ಯಾವುದಕ್ಕೂ ಮಧ್ಯವರ್ತಿ ಬೇಕಿಲ್ಲ. ನಾಡಕಚೇರಿಯಲ್ಲಿ, ಕರ್ನಾಟಕ ಒನ್ ಅಥವಾ ಗ್ರಾಮ ಒನ್ ಕೇಂದ್ರದಲ್ಲಿ ನಿಗದಿಯಾದ ಶುಲ್ಕ ಎಷ್ಟೆಂದು ಫಲಕದಲ್ಲಿ ಬರೆದಿರುತ್ತಾರೆ. ಅಷ್ಟೇ ಕೊಟ್ಟು ರಸೀದಿ ಕೇಳಿ. 5,000 ರೂಪಾಯಿ ಅಂದರೆ ಅಕ್ಕನಿಗೆ ಬರಬೇಕಾದ ವಿಧವಾ ವೇತನದ ಆರು ತಿಂಗಳ ಹಣಕ್ಕಿಂತಲೂ ಹೆಚ್ಚು.

‘ಬಡವರಿಗೆ ಯಾವ ಯೋಜನೆ ಇದೆ’ ಎಂದು ಕೇಳಿದರೆ ಎಲ್ಲ ಕಡೆಯೂ ಸಿಗುವ ಉತ್ತರ ಐದು ಗ್ಯಾರಂಟಿಗಳದ್ದೇ. ಉಳಿದ ನೆರವುಗಳೆಲ್ಲ ಬಡತನದ ಹೆಸರಿನಲ್ಲಿಲ್ಲ. ಒಂದು ವಯಸ್ಸಿನ ಹೆಸರಿನಲ್ಲಿದೆ, ಒಂದು ವೈಧವ್ಯದ ಹೆಸರಿನಲ್ಲಿ, ಒಂದು ತೀರಿಹೋದವರ ಕಸುಬಿನ ಹೆಸರಿನಲ್ಲಿ, ಇನ್ನೊಂದು ಮಗು ಓದುವ ತರಗತಿಯ ಹೆಸರಿನಲ್ಲಿ. ಅವು ಕಂದಾಯ, ಕಾರ್ಮಿಕ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಹೀಗೆ ಬೇರೆ ಬೇರೆ ಇಲಾಖೆಗಳ ಕೈಯಲ್ಲಿವೆ. ಒಂದು ಇಲಾಖೆಯವರು ಇನ್ನೊಂದರದ್ದನ್ನು ಹೇಳುವುದಿಲ್ಲ. ಹಾಗಾಗಿ ಒಂದು ಹಾಳೆಯಲ್ಲಿ ತೀರಿಹೋದ ಭಾವನನ್ನೂ ಸೇರಿಸಿ ಮನೆಯ ಐದೂ ಜನರ ಹೆಸರು ಬರೆಯಿರಿ. ಒಬ್ಬೊಬ್ಬರ ಮುಂದೆ ವಯಸ್ಸು, ಕೆಲಸ ಅಥವಾ ತರಗತಿ, ಬ್ಯಾಂಕ್ ಖಾತೆ, ಆಧಾರ್‌ನಲ್ಲಿ ಹೆಸರು ಹೇಗಿದೆ ಅನ್ನುವುದನ್ನು ಬರೆದುಕೊಳ್ಳಿ. ಮುಂದಿನದೆಲ್ಲ ಈ ಹಾಳೆಯಿಂದಲೇ ಹೊರಡುತ್ತದೆ.

ಮೊದಲು ಭಾವನ ಹೆಸರಿನಿಂದ ಶುರು ಮಾಡೋಣ. ಇಲ್ಲಿ ದಿನ ಕಳೆದಷ್ಟೂ ನಷ್ಟ.

ಅವರ ಬ್ಯಾಂಕ್ ಪಾಸ್‌ಬುಕ್ ತೆಗೆದುಕೊಂಡು ಹೋಗಿ ಎಂಟ್ರಿ ಹಾಕಿಸಿ. ಮೇ ಕೊನೆ ಅಥವಾ ಜೂನ್ ಮೊದಲ ವಾರದಲ್ಲಿ 436 ರೂಪಾಯಿ ಕಡಿತವಾಗಿದೆಯೇ ನೋಡಿ. ಆಗಿದ್ದರೆ ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ಬಿಮಾ ಯೋಜನೆಯ ಕಂತು. ಸಾವು ಯಾವ ಕಾರಣಕ್ಕೆ ಆಗಿದ್ದರೂ ನಾಮಿನಿಗೆ 2 ಲಕ್ಷ ರೂಪಾಯಿ ಬರುತ್ತದೆ. ಇದಕ್ಕೆ ಸೇರಲು 18ರಿಂದ 50 ವರ್ಷದೊಳಗೆ ಇರಬೇಕು, ಭಾವ ಆ ಮಿತಿಯಲ್ಲಿದ್ದರು. ವಿಮೆಯ ವರ್ಷ ಜೂನ್ 1ರಿಂದ ಮೇ 31ರವರೆಗೆ ಇರುವುದರಿಂದ, ತೀರಿಕೊಂಡ ದಿನಕ್ಕೆ ಆ ವರ್ಷದ ಕಂತು ಹೋಗಿತ್ತೇ ಅನ್ನುವುದೇ ಮುಖ್ಯ. ಜನಧನ್ ಖಾತೆ ತೆರೆಯುವಾಗಲೋ ಸಾಲ ಕೊಡುವಾಗಲೋ ಈ ಅರ್ಜಿಗೂ ಸಹಿ ಹಾಕಿಸಿಕೊಂಡಿರುತ್ತಾರೆ. ಎಷ್ಟೋ ಮನೆಗಳಲ್ಲಿ ಕಂತು ಕಟ್ಟುತ್ತಿದ್ದುದೇ ಹೆಂಡತಿ ಮಕ್ಕಳಿಗೆ ಗೊತ್ತಿರುವುದಿಲ್ಲ. ಖಾತೆ ಇರುವ ಶಾಖೆಯಲ್ಲೇ ಕ್ಲೈಮ್ ಅರ್ಜಿ ಕೊಡಬೇಕು. 20 ರೂಪಾಯಿ ಕಡಿತ ಕಂಡರೆ ಅದು ಸುರಕ್ಷಾ ಬಿಮಾ. ಅದು ಅಪಘಾತಕ್ಕೆ ಮಾತ್ರ, ನಿಮ್ಮ ಪ್ರಕರಣಕ್ಕೆ ಬರುವುದಿಲ್ಲ. ಭಾವ ಯಾವುದಾದರೂ ಸಂಘದಲ್ಲಿ ಅಥವಾ ಕಂಪನಿಯಲ್ಲಿ ಸಾಲ ತೆಗೆದುಕೊಂಡಿದ್ದರೆ ಆ ಸಾಲಕ್ಕೆ ವಿಮೆ ಇತ್ತೇ ಎಂದು ಕೇಳಿ. ಉತ್ತರ ಲಿಖಿತವಾಗಿ ಬರುವವರೆಗೆ ಆ ಸಾಲದ ಹೊಸ ಕಾಗದಕ್ಕೆ ಅಕ್ಕ ಸಹಿ ಹಾಕುವುದು ಬೇಡ.

ಎರಡನೆಯದು ಕಾರ್ಮಿಕ ಕಾರ್ಡ್. ಗಾರೆ ಕೆಲಸದವರು ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯ ವ್ಯಾಪ್ತಿಗೆ ಬರುತ್ತಾರೆ. ಹಿಂದಿನ 12 ತಿಂಗಳಲ್ಲಿ 90 ದಿನ ನಿರ್ಮಾಣ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನವರು ಅಲ್ಲಿ ನೋಂದಾಯಿಸಿಕೊಳ್ಳಬಹುದು. ಭಾವ ನೋಂದಾಯಿಸಿಕೊಂಡಿದ್ದರೆ ಅಂತ್ಯಕ್ರಿಯೆ ವೆಚ್ಚ ಮತ್ತು ಅನುಗ್ರಹ ರಾಶಿ ಎಂಬ ಎರಡು ನೆರವು ನಾಮಿನಿಗೆ ಸಿಗುತ್ತವೆ. ಸಹಜ ಸಾವಿಗೂ ಇದು ಅನ್ವಯಿಸುತ್ತದೆ. ಕಾರ್ಡ್ ಮನೆಯಲ್ಲಿ ಸಿಗದಿದ್ದರೆ ನೋಂದಣಿಯೇ ಇಲ್ಲವೆಂದು ತಿಳಿಯಬೇಡಿ. ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಆಧಾರ್ ಸಂಖ್ಯೆ ಕೊಟ್ಟು ಹುಡುಕಿಸಿ. ಇಲ್ಲಿ ಅರ್ಜಿಗಳು ತಿರಸ್ಕಾರವಾಗುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ಒಂದು, ಕಾರ್ಡ್ ನವೀಕರಣ ಆಗದೆ ಸಾಯುವ ಹೊತ್ತಿಗೆ ಅವಧಿ ಮುಗಿದಿರುವುದು. ಇನ್ನೊಂದು, ನಾಮಿನಿ ಜಾಗದಲ್ಲಿ ಮದುವೆಗೆ ಮೊದಲು ಬರೆಸಿದ ತಾಯಿಯ ಹೆಸರೇ ಉಳಿದಿರುವುದು. ಎರಡನೆಯದಾದರೆ ಗಾಬರಿ ಬೇಡ. ಅತ್ತೆ ಜೊತೆಯಲ್ಲೇ ಇರುವುದರಿಂದ ಅವರ ಹೆಸರಿನಲ್ಲೇ ಅರ್ಜಿ ಹಾಕಬಹುದು. ಸಾವಿನ ನಂತರ ಹೊಸದಾಗಿ ನೋಂದಣಿ ಮಾಡಿಸಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಆ ಮಾತು ಅಲ್ಲಿಗೇ ಬಿಡಿ. ಅದು ಸುಳ್ಳು ದಾಖಲೆಯ ದಾರಿ.

ಮೂರನೆಯದು ರಾಷ್ಟ್ರೀಯ ಕುಟುಂಬ ನೆರವು ಯೋಜನೆ. ಬಿಪಿಎಲ್ ಕುಟುಂಬದಲ್ಲಿ ದುಡಿದು ಮನೆ ನಡೆಸುತ್ತಿದ್ದ, 18ರಿಂದ 59 ವರ್ಷದೊಳಗಿನವರು ತೀರಿಕೊಂಡರೆ ಒಂದೇ ಸಲ 20,000 ರೂಪಾಯಿ ಕೊಡುತ್ತಾರೆ. ಅರ್ಜಿ ನಾಡಕಚೇರಿಯಲ್ಲಿ, ಮಂಜೂರಾತಿ ತಹಶೀಲ್ದಾರ್ ಕಚೇರಿಯಲ್ಲಿ.

ಈ ಮೂರಕ್ಕೂ ಮರಣ ಪ್ರಮಾಣಪತ್ರ ಬೇಕು. ನಾಲ್ಕೈದು ಪ್ರತಿ ತೆಗೆಸಿಡಿ. ತೆಗೆಸುವ ಮೊದಲೇ ಅದರಲ್ಲಿನ ಹೆಸರನ್ನು ಆಧಾರ್ ಜೊತೆ ಅಕ್ಷರ ಅಕ್ಷರವಾಗಿ ಹೋಲಿಸಿ. ನಿಮ್ಮ ಭಾಗದಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಸೇರುತ್ತವೆ. ಆಸ್ಪತ್ರೆಯ ದಾಖಲೆಯಲ್ಲಿ ಬರೀ ಮೊದಲ ಹೆಸರು ಬಿದ್ದಿರುತ್ತದೆ, ಪ್ರಮಾಣಪತ್ರವೂ ಹಾಗೆಯೇ ಬರುತ್ತದೆ, ಬ್ಯಾಂಕಿನವರು ವಾಪಸ್ ಕಳಿಸುತ್ತಾರೆ. ತಿದ್ದುಪಡಿಯನ್ನು ಸಾವು ನೋಂದಣಿಯಾದ ಕಡೆಯಲ್ಲೇ ಮಾಡಿಸಬೇಕು. ಜೊತೆಗೆ ನಾಡಕಚೇರಿಯಲ್ಲಿ ಬದುಕಿರುವ ಕುಟುಂಬ ಸದಸ್ಯರ ದೃಢೀಕರಣ ಪತ್ರಕ್ಕೂ ಅರ್ಜಿ ಹಾಕಿ. ನಾಮಿನಿ ಇಲ್ಲದ ಖಾತೆಗಳಿಗೆ ಅದು ಬೇಕಾಗುತ್ತದೆ.

ಆದಾಯ ಪ್ರಮಾಣಪತ್ರ: ಹೆಚ್ಚಿನವರು ಇಲ್ಲೇ ಎಡವುವುದು

ಮಗನ ವಿದ್ಯಾರ್ಥಿವೇತನಕ್ಕೆಂದು ತೆಗೆಸಿದ ಆದಾಯ ಪತ್ರ ಮನೆಯಲ್ಲಿ ಇದ್ದೇ ಇರುತ್ತದೆ. ಅದು 5 ವರ್ಷ ಚಾಲ್ತಿಯಲ್ಲಿರುವುದರಿಂದ ಅದನ್ನೇ ಎಲ್ಲದಕ್ಕೂ ಲಗತ್ತಿಸುತ್ತಾರೆ. ಆದರೆ ಅದರಲ್ಲಿರುವುದು ಭಾವ ದುಡಿಯುತ್ತಿದ್ದಾಗಿನ ಆದಾಯ. ಆ ಆದಾಯ ಈಗ ಮನೆಯಲ್ಲಿಲ್ಲ. ಹಳೆಯ ಪತ್ರ ಕೊಟ್ಟರೆ ವಿಧವಾ ವೇತನದ ಅರ್ಜಿ ಆದಾಯ ಮಿತಿ ಮೀರಿದೆ ಎಂದು ತಿರಸ್ಕಾರವಾಗುತ್ತದೆ, ಕಾರಣ ಏನೆಂದು ಅಕ್ಕನಿಗೆ ತಿಳಿಯುವುದೂ ಇಲ್ಲ.

ಮಿತಿಗಳು ಒಂದೊಂದಕ್ಕೆ ಒಂದೊಂದು ಥರ ಇವೆ. ಬಿಪಿಎಲ್ ಕಾರ್ಡ್‌ಗೆ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷದೊಳಗಿರಬೇಕು. ಮಕ್ಕಳ ಪ್ರಾಯೋಜಕತ್ವ ನೆರವಿಗೆ (ಅದರ ವಿವರ ಮುಂದಿದೆ) ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000. ವಿಧವಾ ವೇತನಕ್ಕೆ, ಹಿರಿಯರ ಪಿಂಚಣಿಯಾದ ಸಂಧ್ಯಾ ಸುರಕ್ಷಾಕ್ಕೆ ಮಾತ್ರ 32,000. ಬಿಪಿಎಲ್ ಕಾರ್ಡ್ ಇದ್ದರೂ ಪಿಂಚಣಿ ಸಿಗಲಿಲ್ಲ ಏಕೆ ಎಂದು ಕೇಳುವವರಿಗೆಲ್ಲ ಉತ್ತರ ಈ ಅಂಕಿಗಳಲ್ಲಿದೆ.

ಹಾಗಾಗಿ ಮೊದಲು ಹೊಸ ಆದಾಯ ಪತ್ರಕ್ಕೆ ಅರ್ಜಿ ಹಾಕಿ. ‘ಈಗಾಗಲೇ ಒಂದು ಚಾಲ್ತಿಯಲ್ಲಿದೆ’ ಎಂದು ಕೌಂಟರ್‌ನಲ್ಲಿ ಹೇಳಿದರೆ, ದುಡಿಯುವವರು ತೀರಿಕೊಂಡಿದ್ದಾರೆ, ಮರು ವಿಚಾರಣೆ ಮಾಡಿ ಎಂದು ಮರಣ ಪತ್ರ ಲಗತ್ತಿಸಿ ಲಿಖಿತವಾಗಿ ಕೇಳಿ. ವಿಚಾರಣೆ ಮಾಡಿ ವರದಿ ಕೊಡುವವರು ಗ್ರಾಮ ಆಡಳಿತಾಧಿಕಾರಿ, ಜನ ಇನ್ನೂ ತಲಾಟಿ ಅಂತಲೇ ಕರೆಯುವವರು. ಅವರಿಗೆ ಇದ್ದದ್ದನ್ನು ಇದ್ದಂತೆ ಹೇಳಿ: ತಿಂಗಳಿಗೆ ಎಷ್ಟು ದಿನ ಹೊಲಿಗೆ ಸಿಗುತ್ತದೆ, ಒಂದು ರವಿಕೆಗೆ ಎಷ್ಟು, ಬಾಡಿಗೆ ಎಷ್ಟು. ಹೊಲಿಗೆ ಯಂತ್ರವನ್ನು ಬಚ್ಚಿಡುವುದೂ ಬೇಡ, ಮದುವೆ ಸೀಸನ್ನಿನ ಒಂದು ತಿಂಗಳ ಗಳಿಕೆಯನ್ನು ಹನ್ನೆರಡರಿಂದ ಗುಣಿಸುವುದೂ ಬೇಡ. ಪತ್ರದ ಮೇಲೆ ಆರ್‌ಡಿ ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಮುಂದೆ ಎಲ್ಲ ಅರ್ಜಿಗಳಲ್ಲೂ ಕೇಳುವುದು ಅದನ್ನೇ.

ಅಕ್ಕ ಮತ್ತು ಅತ್ತೆ

ಅಕ್ಕನಿಗೆ ನಿರ್ಗತಿಕ ವಿಧವಾ ವೇತನ, ತಿಂಗಳಿಗೆ 800 ರೂಪಾಯಿ. ನಾಡಕಚೇರಿಯಲ್ಲಿ ಅರ್ಜಿ. ಮರಣ ಪತ್ರ, ಆಧಾರ್, ಪಡಿತರ ಚೀಟಿ, ಹೊಸ ಆದಾಯ ಪತ್ರ, ಬ್ಯಾಂಕ್ ಅಥವಾ ಅಂಚೆ ಖಾತೆಯ ಪಾಸ್‌ಬುಕ್ ಇಟ್ಟುಕೊಂಡು ಹೋಗಿ. ಅತ್ತೆಗೆ 65 ದಾಟಿರುವುದರಿಂದ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200. ಒಬ್ಬರಿಗೆ ಒಂದೇ ಪಿಂಚಣಿ. ಅತ್ತೆ ಮೊದಲಿಂದಲೇ ವಿಧವಾ ವೇತನ ತೆಗೆದುಕೊಳ್ಳುತ್ತಿದ್ದರೆ ಹೊಸ ಅರ್ಜಿ ಹಾಕಬೇಡಿ, ವಯಸ್ಸಿನ ಆಧಾರದ ಮೇಲೆ ವೃದ್ಧಾಪ್ಯದ ಪಿಂಚಣಿಗೆ ಬದಲಾಗಿದೆಯೇ ಎಂದು ಕೇಳಿ. ಅತ್ತೆಯ ಆಧಾರ್‌ನಲ್ಲಿ ಹುಟ್ಟಿದ ವರ್ಷ ಏನಿದೆ ಅನ್ನುವುದನ್ನೂ ನೋಡಿ. ಅಂದಾಜಿನ ಮೇಲೆ ಜನವರಿ 1 ಎಂದು ಬರೆಸಿದ ಆಧಾರ್‌ಗಳಲ್ಲಿ ವಯಸ್ಸು ನಾಲ್ಕೈದು ವರ್ಷ ಕಡಿಮೆ ಬಿದ್ದಿರುವುದು ಬಹಳ. ಕಾಗದದಲ್ಲಿ 65 ತುಂಬದಿದ್ದರೆ ಸಂಧ್ಯಾ ಸುರಕ್ಷಾ ಸಿಗುವುದಿಲ್ಲ. ಹುಟ್ಟಿದ ದಿನಾಂಕವನ್ನು ಆಧಾರ್‌ನಲ್ಲಿ ಒಂದೇ ಸಲ ತಿದ್ದಲು ಬರುವುದರಿಂದ ಸರಿಯಾದ ದಾಖಲೆ ಕೈಗೆ ಸಿಕ್ಕ ಮೇಲೆಯೇ ತಿದ್ದಿಸಿ.

ಪಿಂಚಣಿಗೆ ಕಂದಾಯ ಇಲಾಖೆಯ ಸಹಾಯವಾಣಿಯೂ ಇದೆ, 155245. ಆಧಾರ್ ಸಂಖ್ಯೆ ಹೇಳಿದರೆ ಗ್ರಾಮ ಆಡಳಿತಾಧಿಕಾರಿ ಮನೆಗೇ ಬಂದು ಮೊಬೈಲಿನಲ್ಲಿ ಅರ್ಜಿ ತೆಗೆದುಕೊಳ್ಳುವ ವ್ಯವಸ್ಥೆ ಅದು. ನಡೆಯಲಾಗದ ಹಿರಿಯರಿಗೆ ಇದು ಅನುಕೂಲ.

ಗೃಹಲಕ್ಷ್ಮಿಯ 2,000 ರೂಪಾಯಿ ಪಡಿತರ ಚೀಟಿಯಲ್ಲಿ ಯಜಮಾನಿ ಎಂದಿರುವ ಮಹಿಳೆಗೆ ಹೋಗುತ್ತದೆ, ಮನೆಗೆ ಒಬ್ಬರಿಗೇ. ಅಕ್ಕನಿಗೆ ಪಿಂಚಣಿ ಬಂದರೂ ಇದು ನಿಲ್ಲುವುದಿಲ್ಲ. ಗೃಹಲಕ್ಷ್ಮಿಯನ್ನು ತಡೆಯುವುದು ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿದ್ದರೆ ಮಾತ್ರ. ಕಾರ್ಡ್ ಬೇರೆ ಮಾಡಿಸಿದರೆ ಅಕ್ಕನಿಗೂ ಇನ್ನೊಂದು 2,000 ಬರುತ್ತದೆ ಎಂದು ಯಾರಾದರೂ ಆಸೆ ಹುಟ್ಟಿಸಬಹುದು. ಈಗ ಅದಕ್ಕೆ ಕೈ ಹಾಕಬೇಡಿ. ಹೊಸ ಬಿಪಿಎಲ್ ಅರ್ಜಿಗೆ ಇಲಾಖೆ ಆಗಾಗ ಮಾತ್ರ ಅವಕಾಶ ಕೊಡುತ್ತದೆ, ಮಂಜೂರಾತಿ ಎಳೆಯುತ್ತಲೇ ಹೋಗುತ್ತದೆ. ಅಷ್ಟರೊಳಗೆ ಹಳೆಯ ಕಾರ್ಡಿನಿಂದ ಹೆಸರು ತೆಗೆಸಿದ್ದರೆ ಅಕ್ಕಿಯೂ ಇಲ್ಲ, ಆಸ್ಪತ್ರೆಯ ಸೌಲಭ್ಯವೂ ಇಲ್ಲ, ವಿದ್ಯಾರ್ಥಿವೇತನಕ್ಕೂ ತೊಡಕು. ಈಗಿರುವ ಕಾರ್ಡಿನಲ್ಲಿ ಮಾಡಬೇಕಾದದ್ದು ಒಂದೇ: ಮರಣ ಪತ್ರ ಕೊಟ್ಟು ಭಾವನ ಹೆಸರು ತೆಗೆಸುವುದು, ಉಳಿದ ನಾಲ್ವರ ಇ-ಕೆವೈಸಿ ನ್ಯಾಯಬೆಲೆ ಅಂಗಡಿಯಲ್ಲಿ ಮುಗಿಸುವುದು. ತೀರಿಕೊಂಡವರ ಹೆಸರಿನಲ್ಲಿ ಅಕ್ಕಿ ಬರಲಿ ಎಂದು ಬಿಟ್ಟರೆ ಮುಂದೆ ಇಡೀ ಕಾರ್ಡಿಗೇ ಕುತ್ತು.

ಅಕ್ಕನ ಹೆಸರಿನಲ್ಲಿ ಇನ್ನೊಂದು ಕೆಲಸವಿದೆ. ದರ್ಜಿ ಕೆಲಸ ಅಸಂಘಟಿತ ವಲಯಕ್ಕೆ ಸೇರುತ್ತದೆ. ಕೇಂದ್ರ ಸರ್ಕಾರದ ಇ-ಶ್ರಮ್ ಜಾಲತಾಣದಲ್ಲಿ ಮತ್ತು ರಾಜ್ಯದ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲಿ ಹೆಸರು ನೋಂದಾಯಿಸಲಿ. ತಕ್ಷಣಕ್ಕೆ ಹಣ ಬರುವುದಿಲ್ಲ. ಆದರೆ ಇನ್ನು ಮನೆಗೆ ದುಡಿಯುವವರು ಅವರೊಬ್ಬರೇ, ಅವರಿಗೆ ಏನಾದರೂ ಆದರೆ ಮಕ್ಕಳಿಗೆ ಆಸರೆ ಬೇಕು. ಅಕ್ಕನ ಖಾತೆಯಿಂದಲೂ 436 ಮತ್ತು 20 ರೂಪಾಯಿಯ ಆ ಎರಡು ವಿಮೆ ಮಾಡಿಸಿಡಿ.

ಮಕ್ಕಳು

ಕೈಗೆ ಬರುವ ಹಣದ ಲೆಕ್ಕದಲ್ಲಿ ಈ ಮನೆಗೆ ಪ್ರತಿ ತಿಂಗಳು ಸಿಗಬಹುದಾದ ಅತಿ ದೊಡ್ಡ ನೆರವು ಇಲ್ಲಿದೆ. ದುಃಖದ ಸಂಗತಿಯೆಂದರೆ ಕೇಳಿದವರೇ ಕಡಿಮೆ. ಮಿಷನ್ ವಾತ್ಸಲ್ಯದಡಿ ಪ್ರಾಯೋಜಕತ್ವ ಎಂಬ ಯೋಜನೆಯಿದೆ. ತಾಯಿ ವಿಧವೆಯಾಗಿದ್ದು, ಆದಾಯ ಮೇಲೆ ಹೇಳಿದ ಮಿತಿಯೊಳಗಿದ್ದರೆ, 18 ವರ್ಷ ತುಂಬುವವರೆಗೆ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಕೊಡುತ್ತಾರೆ. ಗಂಡ ಬಿಟ್ಟುಹೋದ, ವಿಚ್ಛೇದನವಾದ ತಾಯಂದಿರ ಮಕ್ಕಳೂ ಇದಕ್ಕೆ ಅರ್ಹರು. ಇದು ತಾಲ್ಲೂಕು ಕಚೇರಿಯಲ್ಲಿ ಸಿಗುವುದಿಲ್ಲ. ಹಾವೇರಿಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಬೇಕು. ತಂದೆಯ ಮರಣ ಪತ್ರ, ಮಕ್ಕಳ ಆಧಾರ್, ಶಾಲೆ ಕಾಲೇಜಿನ ವ್ಯಾಸಂಗ ಪ್ರಮಾಣಪತ್ರ, ಆದಾಯ ಪತ್ರ, ಪಡಿತರ ಚೀಟಿ, ಮಗುವಿನ ಹೆಸರಿನ ಬ್ಯಾಂಕ್ ಖಾತೆ ಇಷ್ಟನ್ನೂ ಜೋಡಿಸಿಕೊಂಡು ಹೋಗಿ. ಘಟಕದವರು ಮನೆಗೆ ಬಂದು ಪರಿಸ್ಥಿತಿ ನೋಡಿ ವರದಿ ಬರೆಯುತ್ತಾರೆ, ಜಿಲ್ಲಾ ಮಟ್ಟದ ಸಮಿತಿ ತೀರ್ಮಾನಿಸುತ್ತದೆ.

ಅನುದಾನ ಸೀಮಿತವಾಗಿರುವುದರಿಂದ ಅರ್ಹರೆಲ್ಲರಿಗೂ ಒಟ್ಟಿಗೆ ಸಿಗುವುದಿಲ್ಲ. ಅದಕ್ಕೇ ಇಬ್ಬರ ಅರ್ಜಿಯನ್ನೂ ಬೇಗ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಮಗನಿಗೆ ಉಳಿದಿರುವುದು ಒಂದೆರಡು ವರ್ಷ ಮಾತ್ರ. ಮಗಳ ಅರ್ಜಿಯಂತೂ ಬಿಡಲೇಬಾರದು. ಶಾಲೆ ಬಿಟ್ಟರೆ ನೆರವು ನಿಲ್ಲುತ್ತದೆ. ಭಾವ ಹೋದ ಮೇಲೆ ಮಗನನ್ನು ಕಾಲೇಜು ಬಿಡಿಸಿ ಕೆಲಸಕ್ಕೆ ಕಳಿಸುವ ಮಾತು ಮನೆಯಲ್ಲಿ ಬಂದಿದ್ದರೆ, ದಯವಿಟ್ಟು ಈ ಅರ್ಜಿಯ ಫಲ ತಿಳಿಯುವವರೆಗಾದರೂ ತಡೆಯಿರಿ.

ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ, ಅಂದರೆ ಎಸ್‌ಎಸ್‌ಪಿ. ಮಗಳಿಗೆ ಮೆಟ್ರಿಕ್ ಪೂರ್ವ, ಮಗನಿಗೆ ಮೆಟ್ರಿಕ್ ನಂತರದ ವಿಭಾಗ. ಅರ್ಜಿ ಹಾಕಿಯೂ ಹಣ ಬರದಿದ್ದರೆ ಮುಖ್ಯ ಕಾರಣ ಎರಡು: ಶಾಲಾ ದಾಖಲೆಯ ಹೆಸರು ಆಧಾರ್‌ಗೆ ತಾಳೆಯಾಗದಿರುವುದು, ವಿದ್ಯಾರ್ಥಿಯ ಸ್ವಂತ ಖಾತೆಗೆ ಆಧಾರ್ ಸೀಡಿಂಗ್, ಅಂದರೆ ಸರ್ಕಾರದ ಹಣ ಬರುವಂತೆ ಮಾಡುವ ಜೋಡಣೆ, ಆಗದಿರುವುದು (ಇದರ ವಿವರ ಮುಂದಿದೆ). ಮಗನ ಕಾಲೇಜು ದೂರವಿದ್ದರೆ ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗೂ ಅರ್ಜಿ ಹಾಕಲಿ. ಊಟ ವಸತಿ ಉಚಿತ.

ಆಸ್ಪತ್ರೆಯ ಮಾತು ಚಿಕ್ಕದು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ತುರ್ತು ಸ್ಥಿತಿ ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದಿದ್ದರೆ ರೆಫರಲ್ ಪತ್ರ ಪಡೆದು ಖಾಸಗಿಗೆ ಹೋಗಬೇಕು. ರೆಫರಲ್ ಇಲ್ಲದೆ ನೇರ ಖಾಸಗಿಗೆ ಹೋಗಿ ಬಿಲ್ ಕಟ್ಟಿದರೆ ಆ ಹಣ ವಾಪಸ್ ಬರುತ್ತದೆಂದು ನಂಬಬೇಡಿ.

ಬಾಡಿಗೆ ಮನೆಗೂ ಗೃಹಜ್ಯೋತಿ ಇದೆ. ಮೀಟರಿನ ಸಂಖ್ಯೆಗೆ ಈಗ ಯಾರ ಆಧಾರ್ ಜೋಡಣೆಯಾಗಿದೆ ನೋಡಿ. ಭಾವನದ್ದಾಗಿದ್ದರೆ ಅದನ್ನು ಬಿಡಿಸಿ ಅಕ್ಕನದ್ದಕ್ಕೆ ಬದಲಿಸಿ.

ಮಂಜೂರಾಗಿಯೂ ಹಣ ಬಾರದಿದ್ದರೆ

ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಎಲ್ಲ ಯೋಜನೆಗಳಲ್ಲೂ ಸಿಕ್ಕಿಹಾಕಿಕೊಳ್ಳುವ ಜಾಗ ಇದೇ. ಬ್ಯಾಂಕಿನಲ್ಲಿ ಆಧಾರ್ ಜೆರಾಕ್ಸ್ ಕೊಟ್ಟು ಕೆವೈಸಿ ಮಾಡಿಸುವುದು ಬೇರೆ, ಸರ್ಕಾರದ ಹಣ ಬರಲು ಖಾತೆಯನ್ನು ಎನ್‌ಪಿಸಿಐ ಮ್ಯಾಪಿಂಗ್ (ಇದನ್ನೇ ಆಧಾರ್ ಸೀಡಿಂಗ್ ಎನ್ನುವುದು) ಮಾಡಿಸುವುದು ಬೇರೆ. ‘ಆಧಾರ್ ಲಿಂಕ್ ಆಗಿದೆ’ ಎಂದು ಬ್ಯಾಂಕಿನವರು ಹೇಳುವುದು ಮೊದಲನೆಯದನ್ನು. ಹಣಕ್ಕೆ ಬೇಕಾದದ್ದು ಎರಡನೆಯದು. ಒಬ್ಬರ ಆಧಾರ್‌ಗೆ ಒಂದು ಹೊತ್ತಿಗೆ ಒಂದೇ ಬ್ಯಾಂಕ್ ಮ್ಯಾಪ್ ಆಗಿರುತ್ತದೆ, ಕೊನೆಗೆ ಯಾವುದನ್ನು ಮಾಡಿಸಿದಿರೋ ಅದು. ಹೊಲಿಗೆ ಸಾಲಕ್ಕೆಂದು ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದು ಸಹಿ ಹಾಕಿದಾಗ ಮ್ಯಾಪಿಂಗ್ ಅಲ್ಲಿಗೆ ಹೋಗಿರುತ್ತದೆ. ಪಿಂಚಣಿ ಬರುತ್ತಲೇ ಇರುತ್ತದೆ, ಆದರೆ ಯಾರೂ ನೋಡದ ಪಾಸ್‌ಬುಕ್ಕಿಗೆ. ಯಾವ ಬ್ಯಾಂಕ್ ಎಂದು ತಿಳಿಯಲು ಆಧಾರ್‌ನ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ನೋಡಬಹುದು. ಸಾದಾ ಫೋನಿನಲ್ಲಿ *99*99*1# ಒತ್ತಿದರೂ ಆಧಾರ್ ಸೀಡಿಂಗ್ ಆಗಿದೆಯೇ ಎಂಬುದು ತಿಳಿಯುತ್ತದೆ. ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಯಾವ ಯೋಜನೆಯಿಂದ ಯಾವ ದಿನ ಎಷ್ಟು ಹಣ ಯಾವ ಖಾತೆಗೆ ಬಿತ್ತು ಎಂಬುದೂ ಕಾಣುತ್ತದೆ. ಬ್ಯಾಂಕಿನಲ್ಲಿ ತಡವಾಗುತ್ತಿದ್ದರೆ ಅಂಚೆ ಕಚೇರಿಯ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಖಾತೆ ಒಳ್ಳೆಯ ದಾರಿ. ಪೋಸ್ಟ್‌ಮ್ಯಾನ್ ಮನೆಗೇ ಬಂದು ಬೆರಳಚ್ಚಿನಲ್ಲಿ ತೆರೆದುಕೊಡುತ್ತಾರೆ. ಆದರೆ ಅದನ್ನು ಮ್ಯಾಪ್ ಮಾಡಿಸಿದ ದಿನದಿಂದ ಬೇರೆ ಯೋಜನೆಗಳ ಹಣವೂ ಅಲ್ಲಿಗೇ ಬರುತ್ತದೆ ಅನ್ನುವುದು ನೆನಪಿರಲಿ.

ಅರ್ಜಿಯೇ ಮುಂದೆ ಹೋಗದಿದ್ದರೆ ಬಾಯಿಮಾತಿನ ‘ಆಗಲ್ಲ’ವನ್ನು ಒಪ್ಪಬೇಡಿ. ಕಾರಣ ಬರೆದು ಹಿಂಬರಹ ಕೊಡಿ ಎಂದು ಕೇಳಿ. ಹಿಂಬರಹ ಕೈಯಲ್ಲಿದ್ದರೆ ಮೇಲ್ಮನವಿಗೆ ಆಧಾರ ಸಿಗುತ್ತದೆ. ಗಡುವಿನೊಳಗೆ ಸೇವೆ ಕೊಡಬೇಕೆನ್ನುವ ಸಕಾಲ ಕಾಯ್ದೆಯ ವ್ಯಾಪ್ತಿಯ ಸೇವೆಗಳಿಗೆ 15 ಅಂಕಿಯ ಜಿಎಸ್‌ಸಿ ಸಂಖ್ಯೆ ರಸೀದಿಯಲ್ಲೇ ಇರುತ್ತದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳುವ ಹಕ್ಕು ಕಾನೂನಿನಲ್ಲಿದೆ. ಮೊತ್ತ ಸಣ್ಣದು, ಆದರೆ ಆ ಸಂಖ್ಯೆ ಇಟ್ಟುಕೊಂಡು ಕೇಳುವವರ ಕಡತವನ್ನು ಬದಿಗಿಡುವುದು ಕಷ್ಟ. ಆಗಲೂ ಆಗದಿದ್ದರೆ ಜನಸ್ಪಂದನ 1902ಕ್ಕೆ ದೂರು ದಾಖಲಿಸಿ. ಮಾಹಿತಿ ಹಕ್ಕಿನಡಿ ‘ನನ್ನ ಅರ್ಜಿ ಈಗ ಯಾರ ಬಳಿ ಇದೆ, ಯಾವ ದಿನಾಂಕದಿಂದ ಇದೆ’ ಎಂದು ಕೇಳಬಹುದು. ಬಿಪಿಎಲ್ ಕಾರ್ಡ್ ಪ್ರತಿ ಲಗತ್ತಿಸಿದರೆ ಅರ್ಜಿಯ 10 ರೂಪಾಯಿ ಶುಲ್ಕವೂ ಬೇಡ.

ಮೊದಲ ವಾರ ಮೂರು ಕೆಲಸಕ್ಕೆ ಮೀಸಲಿಡಿ: ಮರಣ ಪತ್ರದ ಹೆಸರು ತಾಳೆ ನೋಡುವುದು, ಭಾವನ ಪಾಸ್‌ಬುಕ್ ಎಂಟ್ರಿ, ನಾಡಕಚೇರಿಯಲ್ಲಿ ಆದಾಯ ಪತ್ರ ಮತ್ತು ಕುಟುಂಬ ಸದಸ್ಯರ ಪತ್ರಕ್ಕೆ ಅರ್ಜಿ. ಆದಾಯ ಪತ್ರ ಬಂದ ದಿನವೇ ಎರಡೂ ಪಿಂಚಣಿ ಮತ್ತು 20,000 ರೂಪಾಯಿಯ ನೆರವಿಗೆ ಒಂದೇ ಕೌಂಟರ್‌ನಲ್ಲಿ ಅರ್ಜಿ ಕೊಡಬಹುದು. ಕಾರ್ಮಿಕ ನಿರೀಕ್ಷಕರ ಕಚೇರಿಗೆ ಈ ಪತ್ರಗಳಿಗೆ ಕಾಯದೆ ಹೋಗಿಬನ್ನಿ. ಹಾವೇರಿಗೆ ಹೋಗುವುದು ಮಕ್ಕಳ ಖಾತೆ, ವ್ಯಾಸಂಗ ಪತ್ರ ಎಲ್ಲ ಸಿದ್ಧವಾದ ಮೇಲೆ. ಒಂದು ಕಾಗದ ಕಡಿಮೆಯಾದರೂ ಅಕ್ಕನಿಗೆ ಒಂದು ದಿನದ ಹೊಲಿಗೆ ಮತ್ತು ಬಸ್ಸಿನ ಓಡಾಟ ಎರಡೂ ದಂಡ. ಅಕ್ಕ ಮಕ್ಕಳನ್ನು ನಿಮ್ಮ ಊರಿಗೆ ಕರೆದುಕೊಂಡು ಹೋಗುವ ಯೋಚನೆ ಇದ್ದರೆ ಪಡಿತರಕ್ಕೆ ತೊಂದರೆಯಿಲ್ಲ, ಅದೇ ಕಾರ್ಡಿನಲ್ಲಿ ಬೇರೆ ಊರಿನ ಅಂಗಡಿಯಲ್ಲೂ ಪಡೆಯಬಹುದು. ಆದರೆ ಪಿಂಚಣಿ ಮತ್ತು ಪ್ರಾಯೋಜಕತ್ವದ ಮನೆ ವಿಚಾರಣೆ ಅರ್ಜಿಯಲ್ಲಿ ಕೊಟ್ಟ ವಿಳಾಸದಲ್ಲೇ ನಡೆಯುವುದರಿಂದ, ಎರಡೂ ಮಂಜೂರಾಗುವವರೆಗೆ ಈಗಿನ ಮನೆ ಬಿಡಬೇಡಿ.